ಮಾವನಿಗೆ ಹೇಳಿದ ಹಾದಿರ್

ತಾನು ಒಪ್ಪಿಕೊಂಡದ್ದು ಹೌದೇ? ಅಂದು ದೋಣಿಯ ಹಲಗೆಗೆ ಮೊಳೆ ಹೊಡೆಯುತ್ತಲೇ ಸೋದರಮಾವ ಬಯೂಮಿ, "ನಗಾತ್‌ನ ನಿನಗೇ ಕೊಡೋಣ ಅಂತಿದೀನಿ ಕಣೋ" ಎಂದಿದ್ದ. ವಗ್ದಿಯ ಬಾಯಿ ತಾನಾಗಿ "ಹಾದಿರ್, ಮಾವ" ಎಂದಿತ್ತು. ಹಾದಿರ್ ಎಂದರೆ 'ಅಪ್ಪಣೆ', ಅಷ್ಟೇ; ಉಳಿ ಕೊಡು ಎಂದರೂ ಹಾದಿರ್, ಚಹಾ ತಾ ಎಂದರೂ ಹಾದಿರ್. ನೈಲ್ ದಂಡೆಯ ರಶೀದ್ ಪಟ್ಟಣದಲ್ಲಿ ಹಿರಿಯರ ಮಾತಿಗೆ ಬೇರೆ ಉತ್ತರ ಯಾರಿಗೆ ಗೊತ್ತು? ತಂದೆತಾಯಿ ಇಲ್ಲದ ತನ್ನನ್ನು ಸಾಕಿದ ಮಾವ. ಅವನ ಮಗಳು ನಗಾತ್ ಒಂದೇ ತಟ್ಟೆಯಲ್ಲಿ ಜೊತೆಗೆ ಉಂಡು ತಂಗಿಯಂತೆ ಬೆಳೆದವಳು. ಅವಳನ್ನು ಹೆಂಡತಿಯೆಂದು ನೆನೆದಾಗಲೆಲ್ಲ ವಗ್ದಿಗೆ ಊಟ ಸೇರುತ್ತಿರಲಿಲ್ಲ.

ಈಗ ನಡುಮನೆಯಲ್ಲಿ ಬಂಧುಗಳು ಒತ್ತೊತ್ತಾಗಿ ಕೂತಿದ್ದರು. ಮುದುಕ ಶೇಖ್ ಗಲಾಲ್ ಗಂಟಲು ಸರಿಮಾಡಿಕೊಂಡು ಅಂಗೈ ಎತ್ತಿದರು. ಎಲ್ಲರೂ ಎತ್ತಿದರು. ಕುರಾನಿನ ಮೊದಲ ಪ್ರಾರ್ಥನೆ ಫಾತಿಹಾ ಓದಿ ಮುಖ ಸವರಿಕೊಂಡರೆ ಮದುವೆಗೆ ಮಾತು ಕೊಟ್ಟ ಹಾಗೆ. ಆಮೇಲೆ ಹಿಂದೆ ಸರಿದವನು ಬೀದಿಯಲ್ಲಿ ತಲೆ ಎತ್ತುವಂತಿಲ್ಲ.

ನಗಾತ್ ನಿಶ್ಚಯದ ಕೆಂಪು ಶರಬತ್ತಿನ ಲೋಟಗಳ ತಟ್ಟೆ ಹಿಡಿದು ಬಂದಳು.

"ಅಲ್ಲೇ ನಿಂತ್ಕೋ ಮಗಳೇ, ಓದಿ ಮುಗೀಲಿ," ಎಂದ ಬಯೂಮಿ.

ಅವಳು ಹಾದಿರ್ ಎನ್ನಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನನಗೆ ಬೇಡ ಅಪ್ಪಾ."

ಎತ್ತಿದ ಅಂಗೈಗಳು ಹಾಗೇ ನಿಂತವು.

"ಏನೇ ಇದು, ಜನರ ಮುಂದೆ! ವಗ್ದಿ ಹೂಂ ಅಂದಿದ್ದಾನೆ."

"ಹೂಂ ಅಂದ್ನಾ, ಹಾದಿರ್ ಅಂದ್ನಾ? ನೀನು ನೈಲ್‌ಗೆ ಹಾರು ಅಂದ್ರೂ ಅವನು ಹಾದಿರ್ ಅಂತಾನೆ."

ಬಯೂಮಿ ಅಳಿಯನತ್ತ ತಿರುಗಿದ. "ಲೇ, ನೀನೇ ನಿಜ ಹೇಳು."

ವಗ್ದಿ ಬಾಯಿ ತೆರೆದ. "ಹಾದಿರ್, ಮಾವ."

ಮೊದಲು ನಕ್ಕವರು ಶೇಖ್. "ಅಯ್ಯೋ ಬಯೂಮಿ, ನಿನ್ನ ಕತ್ತೆನೇ ಇವನಿಗಿಂತ ವಾಸಿ ಕಣಯ್ಯಾ. ಅದು ಒಮ್ಮೊಮ್ಮೆ ಕಾಲಾದ್ರೂ ಝಾಡಿಸುತ್ತೆ." ನಗು ಗೋಡೆಯಿಂದ ಗೋಡೆಗೆ ಹರಿಯಿತು. ಅಂಗೈಗಳು ಒಂದೊಂದಾಗಿ ಮೊಣಕಾಲಿಗೆ ಇಳಿದವು.

ಬಯೂಮಿ ಮಾತ್ರ ನಗಲಿಲ್ಲ. "ನಿನ್ನ ಸೊಕ್ಕಿಗೆ ಇನ್ನು ಯಾವನು ಬರ್ತಾನೋ ನೋಡ್ತೀನಿ," ಎಂದು ಮಗಳಿಗೆ ಹೇಳಿದ. ಆಮೇಲೆ ತಟ್ಟೆಯತ್ತ ಕೈ ತೋರಿಸಿದ. "ಶರಬತ್ತು ಮಾಡಿದ್ದಾಗಿದೆ. ಕುಡೀರಿ ಎಲ್ಲ."

ನಗಾತ್ ಲೋಟ ನೀಡಿದಾಗ ವಗ್ದಿ ತಲೆ ಎತ್ತಲಿಲ್ಲ. ಶರಬತ್ತು ತಣ್ಣಗೆ ಗಂಟಲಿಗಿಳಿಯಿತು. ಎಷ್ಟೋ ದಿನಗಳ ಮೇಲೆ ಅವನಿಗೆ ಹಸಿವಾಯಿತು.

ಅಪ್ಪನ ಮಾತಿಗೆ ಎದುರಾಡಿದವಳು ಎಂಬ ಹೆಸರು ಬೀದಿಯಲ್ಲಿ ನಗಾತ್‌ಗೆ ಅಂಟಿತು. ಆ ಮದುವೆ ತನಗೂ ಬೇಡವಾಗಿತ್ತು ಎಂದು ವಗ್ದಿ ಯಾರಿಗೂ, ಎಂದೂ ಹೇಳಲಿಲ್ಲ.