ಇಲಿಗಳನ್ನು ನುಂಗಿದ ಸುದ್ದಿ

ನನ್ನ ಇಲಿಗಳನ್ನು ಪೇಪರಿನವರು ನುಂಗಿಬಿಟ್ಟರು. ಒಂದೆರಡಲ್ಲ, ಪಂಜರಗಟ್ಟಲೆ ಇಲಿಗಳನ್ನು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹೌದು, ಇದೆ. ಈ ಸಲ ಅದಕ್ಕೆ ಕಾರಣವೂ ಇತ್ತು.

ನಾನು ಹರ್ಷದಾ. ಪುಣೆಯ ಒಂದು ಲ್ಯಾಬಿನಲ್ಲಿ ಇಲಿಗಳಿಗೆ ಮದ್ದು ಕೊಟ್ಟು ಏನಾಗುತ್ತದೆಂದು ನೋಡುವುದು ನನ್ನ ಕೆಲಸ. ಹೋದ ವರ್ಷ, ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ಗುರೆಳ್ಳಿನ ಸಾರ ಕುಡಿಸಿದೆವು. ನಮ್ಮ ಧಾರವಾಡದ ಕಡೆ ರೊಟ್ಟಿಯ ಜೊತೆ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಿಕೊಂಡು ತಿನ್ನುವ ಅದೇ ಕರಿ ಕಾಳು. ಇಲ್ಲಿಯವರು ಅದನ್ನು ಕಾರಳೆ ಎನ್ನುತ್ತಾರೆ. ಕೆಲವು ಇಲಿಗಳ ಸಕ್ಕರೆ ತುಸು ಇಳಿಯಿತು. ಅಷ್ಟೇ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ನಗುತ್ತಾರಲ್ಲ, ನಮ್ಮ ಕಸುಬೇ ಅದು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಶಿವಾಜಿನಗರದ ಮರಾಠಿ ಪೇಪರಿನ ಆಫೀಸಿನಿಂದ ಸ್ವಪ್ನಿಲ್ ಎಂಬ ವರದಿಗಾರ ಬಂದಿದ್ದ. ಅವನಿಗೆ ಮರಾಠಿಯಲ್ಲಿ ಮತ್ತೆ ಮತ್ತೆ ಹೇಳಿದೆ: ಉಂದೀರ, ಮನುಷ್ಯರಲ್ಲ, ಉಂದೀರ. ಉಂದೀರ ಎಂದರೆ ಮರಾಠಿಯಲ್ಲಿ ಇಲಿ, ಅವನಿಗೆ ತಿಳಿಯದ್ದೇನಲ್ಲ. ಅವನು ತಲೆಯಾಡಿಸಿ ಬರೆದುಕೊಂಡ. ಮರುದಿನ ಪೇಪರಿನಲ್ಲಿ ಅಂಗೈ ಅಗಲದ ಅಕ್ಷರ: ‘ಕಾರಳೆಯಿಂದ ಮಧುಮೇಹ ಮಾಯ, ಪುಣೆಯ ಸಂಶೋಧಕಿಯ ಸಾಧನೆ’. ಕೆಳಗೆ ಬಿಳಿ ಕೋಟಿನಲ್ಲಿ ಹಲ್ಲು ಬಿಟ್ಟ ನಾನು. ಹುಡುಕಿ ಹುಡುಕಿ ನೋಡಿದೆ, ಸುದ್ದಿಯಲ್ಲಿ ಒಂದೇ ಒಂದು ಇಲಿ ಇರಲಿಲ್ಲ.

ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. “ನಾನು ಬರೆದಿದ್ದೆ ಮೇಡಂ, ಜಾಗ ಸಾಲದೆ ಆಫೀಸಿನಲ್ಲಿ ಕತ್ತರಿಸಿದರು,” ಎಂದ.

“ನನ್ನ ಫೋಟೊಗೆ ಜಾಗ ಇತ್ತಲ್ಲ?” ಎಂದೆ.

“ಓದಿದವರಿಗೆ ಖುಷಿಯಾಗಿದೆ ಮೇಡಂ, ಬಿಟ್ಟುಬಿಡಿ,” ಎಂದು ಫೋನ್ ಇಟ್ಟ. ತಿದ್ದುಪಡಿ ಹಾಕಿ ಎಂದು ಸಂಪಾದಕರಿಗೆ ಬರೆದೆ. ಅವರು ಉತ್ತರವನ್ನೇ ಕೊಡಲಿಲ್ಲ.

ಮನೆಯಲ್ಲಿ ಇನ್ನೊಂದು ಕಥೆ. ನನ್ನ ಮಾವ ಪ್ರಲ್ಹಾದರಾಯರು ಭೋಸರಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಆ ತುಂಡನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಪ್ಲಾಸ್ಟಿಕ್ ಹಾಕಿಸಿ, ಗುರುರಾಯರ ಪಟದ ಪಕ್ಕದಲ್ಲೇ ತೂಗುಹಾಕಿದರು. ಅಂಬಾ ಅತ್ತೆ ಡಬ್ಬಿಗಟ್ಟಲೆ ಗುರೆಳ್ಳು ಹುರಿಯತೊಡಗಿದರು. “ಇದು ನಮ್ಮವ್ವನ ಕಾಲದಿಂದ ನಮಗ ಗೊತ್ತಿತ್ತು. ನೀವು ಲ್ಯಾಬಿನವರು ಈಗ ಕಂಡುಹಿಡದ್ರಿ,” ಎಂದು ನನಗೇ ಹೇಳಿದರು.

ಒಂದು ದಿನ ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದೆ. ಮಾವನ ಇನ್ಸುಲಿನ್ ಪೆನ್ನು ಅಲ್ಲಿಯೇ ಇತ್ತು, ಔಷಧಿ ಒಂದು ಗೆರೆಯೂ ಇಳಿದಿರಲಿಲ್ಲ. ಮಾವನಿಗೆ ಕಾಲಿನ ಹೆಬ್ಬೆರಳಲ್ಲಿ ಚಪ್ಪಲಿ ಕಚ್ಚಿದ ಗಾಯವೊಂದಿತ್ತು, ಮಾಯದೆ ಕಪ್ಪಾಗುತ್ತಿತ್ತು.

“ಮಾವಾರ, ಇನ್ಸುಲಿನ್ ಯಾಕ ಬಿಟ್ಟೀರಿ?”

“ನೀನ ಹೇಳೀಯಲ್ಲವಾ,” ಎಂದು ಗೋಡೆ ತೋರಿಸಿದರು. “ಅಲ್ಲಿ ನೋಡು. ನಿನ್ನ ಹೆಸರು, ನಿನ್ನ ಫೋಟೊ.”

“ಅದು ಇಲಿಗಳ ಮ್ಯಾಲೆ ಮಾಡಿದ್ದು. ಅವರು ತಪ್ಪು ಬರದಾರ.”

“ನಾಲ್ವತ್ತು ವರ್ಷ ಆತು ಈ ಪೇಪರ್ ಓದಲಿಕ್ಕತ್ತು. ನೀ ಈ ಮನಿಗೆ ಬಂದು ಎಷ್ಟು ವರ್ಷಾತು?”

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಇವರು. ರಕ್ತ ಪರೀಕ್ಷೆ ಮಾಡಿಸಿದೆ, ಸಕ್ಕರೆ ಮುಗಿಲಿಗೆ ಮುಟ್ಟಿತ್ತು. ಮಷೀನ್ ಕೆಟ್ಟದ ಎಂದರು. ಡಾಕ್ಟರರ ಹತ್ತಿರ ಕರೆದರೆ, ಅವರಿಗೆ ನಿನ್ನ ಮ್ಯಾಲೆ ಹೊಟ್ಟೆಕಿಚ್ಚು ಎಂದರು. ನನ್ನ ಗಂಡ ಕೇದಾರ ರಾಂಜಣಗಾಂವದ ಕಾರ್ಖಾನೆಯ ಪಾಳಿ ಮುಗಿಸಿ ಬಂದು ತಂದೆಯ ಕಾಲು ಹಿಡಿದುಕೊಂಡು ಬೇಡಿದ. ಅದೂ ನಡೆಯಲಿಲ್ಲ. ಮಾವ ನನ್ನ ಮೇಲೆ ನಂಬಿಕೆ ಇಟ್ಟೇ ಕಾಲು ಕಳೆದುಕೊಳ್ಳುವವರಿದ್ದರು, ನನ್ನ ಮಾತನ್ನು ಮಾತ್ರ ನಂಬಲೊಲ್ಲರು.

ಅಷ್ಟರಲ್ಲಿ ನಮ್ಮ ಕನ್ನಡ ಮಂಡಳಿಯವರು ನನಗೆ ಸನ್ಮಾನ ಇಟ್ಟರು. ಬೇಡವೆಂದೆ, ಯಾರೂ ಕೇಳಲಿಲ್ಲ. ಸಭಾಗೃಹದ ಬಾಗಿಲಲ್ಲೇ ಟೇಬಲ್ ಹಾಕಿ ಗುರೆಳ್ಳ ಹಿಂಡಿಯ ಪಾಕೀಟು ಮಾರುತ್ತಿದ್ದರು. ಒಂದನ್ನು ಕೈಗೆತ್ತಿಕೊಂಡೆ. ‘ಮಧುಮೇಹಕ್ಕೆ ರಾಮಬಾಣ’ ಎಂಬ ಅಕ್ಷರದ ಕೆಳಗೆ ನನ್ನದೇ ಮುಖ. ಮೈಯೆಲ್ಲ ಉರಿದುಹೋಯಿತು. ಸುಮ್ಮನೆ ಕೂತು ಶಾಲು ಹೊದ್ದು ಬರೋಣವೆಂದುಕೊಂಡಿದ್ದವಳು, ಆ ಕ್ಷಣಕ್ಕೆ ಮನಸ್ಸು ಬದಲಿಸಿದೆ.

ಅಧ್ಯಕ್ಷರಾದ ಮಾರ್ತಾಂಡರಾಯರು ಪೇಪರಿನ ಸುದ್ದಿಯನ್ನು ಅಕ್ಷರ ಬಿಡದೆ ಓದಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಮೈಕು ಹಿಡಿದು ಆ ಪೇಪರನ್ನೇ ಅವರ ಕೈಯಿಂದ ಇಸಿದುಕೊಂಡೆ.

“ಈ ಸುದ್ದಿಗೆ ನಾ ಮಾಸ್ತರಗತೆ ಮಾರ್ಕ್ಸ್ ಕೊಡ್ತೀನಿ, ಕೇಳ್ರಿ. ಹೆಸರು ಬರೋಬ್ಬರಿ ಅದ. ಫೋಟೊ ನಂದ ಅದ. ಉಳದದ್ದಕ್ಕೆಲ್ಲಾ ಸೊನ್ನಿ. ಸಕ್ಕರಿ ಇಳದದ್ದು ಯಾರದು? ಇಲೀದು. ಎಷ್ಟು ಇಳೀತು? ಚೂರು. ಎಲ್ಲಾ ಇಲೀದೂ ಇಳೀತೇನು? ಇಲ್ಲ. ಮನುಷ್ಯಾರಿಗೆ ನಾವು ಕೊಟ್ಟು ನೋಡೇ ಇಲ್ಲ. ಹೊರಗ ಮಾರ್ಲಿಕತ್ತ ಪಾಕೀಟಿನ ಮ್ಯಾಲಿನ ನನ್ನ ಫೋಟೊ ಇವತ್ತ ತಗೀಬೇಕು. ಇಲ್ಲಂದ್ರ ನಾ ಪೊಲೀಸರ ಕಡೆ ಹೋಗ್ತೀನಿ.”

ಮಾರ್ತಾಂಡರಾಯರು, “ಸಾಕ್ರಿ ಅಕ್ಕಾರ, ಮಂಗಳಾರತಿ ಆಗಬೇಕು,” ಎಂದು ಮೈಕಿಗೆ ಕೈ ಹಾಕಿದರು. ನಾನು ಬಿಡಲಿಲ್ಲ.

ಆಗ ಮೊದಲ ಸಾಲಿನಲ್ಲಿ ಮಾವ ಎದ್ದು ನಿಂತರು. ಹೊಸ ಕೋಟು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪಟ್ಟಿ. “ಅಲ್ಲವಾ, ಆ ಇಲಿ ಈಗ ಆರಾಮ ಅವಲ್ಲ?”

“ಇಲ್ರಿ. ಎಲ್ಲಾ ಸತ್ತಾವ.”

ಮಾವನ ಮುಖ ಬಿಳಿಚಿಕೊಂಡಿತು. “ಗುರೆಳ್ಳು ತಿಂದು ಸತ್ತಾವೇನು?”

ಹೌದು ಎಂದರೆ ಮುಗಿಯುತ್ತಿತ್ತು. ಆ ಒಂದು ಮಾತಿಗೆ ಮಾವ ಅವತ್ತೇ ಸೂಜಿ ಚುಚ್ಚಿಕೊಳ್ಳುತ್ತಿದ್ದರು, ಕಾಲು ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ದೇವರಾಣೆ, ಬಂದಿತ್ತು. ಆದರೆ ಹಾಗೆಂದರೆ ಸ್ವಪ್ನಿಲ್‌ಗೂ ನನಗೂ ಏನು ಫರಕು? ಅವನು ಜನರ ಖುಷಿಗೆ ಇಲಿ ನುಂಗಿದ, ನಾನು ಮಾವನ ಕಾಲಿಗಾಗಿ ನುಂಗುತ್ತಿದ್ದೆ.

“ಇಲ್ರಿ ಮಾವಾರ. ಗುರೆಳ್ಳಿನಿಂದಲ್ಲ. ನಾನ ಕೊಂದೇನಿ. ಪ್ರಯೋಗ ಮುಗದ ಮ್ಯಾಲೆ ಕೊಯ್ದು ಒಳಗಿನ ಲಿವರ್ ನೋಡಬೇಕಾಗ್ತದ, ಅದಕ್ಕ. ಗುರೆಳ್ಳು ಕೆಟ್ಟದ್ದಲ್ಲ. ಔಷಧಾನೂ ಅಲ್ಲ. ನನಗ ಗೊತ್ತಿದ್ದದ್ದು ಇಷ್ಟ.”

ಚಪ್ಪಾಳೆ ಬರಲಿಲ್ಲ. ಹಿಂದಿನ ಸಾಲಿನವರು ಎದ್ದು ಹೊರಟರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು, “ನಾಲ್ಕು ಮಂದ್ಯಾಗ ಮರ್ಯಾದಿ ಕಳದಿ,” ಎಂದರು. ರಿಕ್ಷಾದಲ್ಲಿ ನನಗೆ ಅಳು ಬರುತ್ತಿತ್ತು. ಒಂದು ಸುಳ್ಳು ಹೇಳಲಾರದೆ ಆ ಮುದುಕನನ್ನು ಕೈಯಾರೆ ಕೊಂದೆನೇನೋ ಎಂದು ಹೆದರಿದ್ದೆ.

ಮರುದಿನ ಬೆಳಿಗ್ಗೆ ಮಾವ ಎಂದಿನಂತೆ ಚಹಾದ ಜೊತೆ ಪೇಪರ್ ಬಿಡಿಸಿದರು. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ನನ್ನನ್ನು ಕರೆದರು.

“‘ಕಾರಳೆ ಪ್ರಕೃತಿಯ ವರದಾನ ಎಂದು ಸಂಶೋಧಕಿ ನುಡಿದರು. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.’ ನೀ ಹಿಂಗ ಅಂದೀಯೇನು?”

“ನೀವ ಇದ್ದಿರಲ್ರಿ.”

“ಇದ್ದೆ. ಯಾರೂ ಚಪ್ಪಾಳಿ ಹೊಡೀಲಿಲ್ಲ. ಎದ್ದು ನಿಂತಾಂವ ನಾ ಒಬ್ಬನ.” ಪೇಪರನ್ನು ಮಡಚಿ ಕೆಳಗಿಟ್ಟರು. ಗೋಡೆಯ ಮೇಲಿನ ಪ್ಲಾಸ್ಟಿಕ್ ತುಂಡನ್ನೇ ನೋಡಿದರು. “ಹಂಗಾರ ಅದೂ ಹಿಂಗ ಬರದದ್ದೇನು?”

“ಹೌದ್ರಿ.”

“ನಿನ್ನೆ ನೀ ಹೌದು ಅಂದಿದ್ರ ನಾ ಅಂಜಿ ಸತ್ತೇಹೋಗ್ತಿದ್ದೆ. ಅನ್ನಲಿಲ್ಲ ನೀ.” ಅಂಗಿ ಮೇಲೆತ್ತಿ ಹೊಟ್ಟೆ ತೋರಿಸಿದರು. “ಪೆನ್ ತಾ. ಫೋನೂ ತಾ. ಮಧ್ಯಾಹ್ನ ಡಾಕ್ಟರ ಕಡೆ ಹೋಗೂಣು. ಹಿಂಡಿ ಮಾತ್ರ ಬಿಡಂಗಿಲ್ಲ, ಮೊದಲ ಹೇಳ್ತೀನಿ.”

“ಬಿಡಬ್ಯಾಡ್ರಿ,” ಎಂದೆ.

ಇನ್ಸುಲಿನ್ ಚುಚ್ಚಿಕೊಂಡರು. ಅಂಗಿ ಇಳಿಸುವ ಮೊದಲೇ ಪೇಪರಿನ ಆಫೀಸಿಗೆ ಫೋನ್ ಹಚ್ಚಿದರು, ಭೋಸರಿಯ ಮಷೀನುಗಳ ನಡುವೆ ಕೂಗಿ ರೂಢಿಯಾದ ಅದೇ ಗಂಟಲಿನಲ್ಲಿ, ಮರಾಠಿಯಲ್ಲಿ. ನಾಲ್ವತ್ತು ವರ್ಷದ ಗಿರಾಕಿ ನಾನು, ನಿನ್ನೆ ಮೊದಲ ಸಾಲಿನಲ್ಲಿ ಕೂತಿದ್ದೆ, ಫೋನ್ ಕೆಳಗೆ ಇಡಬೇಡಿ, ಕಾಗದ ತೆಗೆದುಕೊಳ್ಳಿ ಎಂದರು. ಆ ಕಡೆಯವರು ಏನು ಬರೆದುಕೊಳ್ಳಲಿ ಎಂದು ಕೇಳಿರಬೇಕು.

“ಮೊದಲು ಉಂದೀರ ಅಂತ ಬರೆಯಿರಿ,” ಎಂದರು ಮಾವ.