ಚಿಕ್ಕವಳ ಪುಡಿ

ಚಿಕ್ಕ ಸೊಸೆ ಮಾಡಿದ ಪುಡಿ ರೋಗಾಣುಗಳನ್ನು ಕೊಂದಿತೆಂದು ತಿಳಿದ ದಿನ ಅತ್ತೆ ಊಟದ ಹೊತ್ತಿನಲ್ಲಿ, "ಎಂಥ ಕೈಗುಣ ನೋಡು," ಅಂದರು. ದೊಡ್ಡವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ವಾರಗಿತ್ತಿಯರಿಬ್ಬರಿಗೂ ಹೊಸ ಔಷಧ ಹುಡುಕುವ ಒಂದೇ ಪ್ರಯೋಗಾಲಯದಲ್ಲಿ ಕೆಲಸ. ಚಿಕ್ಕವಳನ್ನು ಅಲ್ಲಿಗೆ ಸೇರಿಸಿದ್ದೇ ದೊಡ್ಡವಳು.

ಆದರೆ ಪ್ರಯೋಗಾಲಯದಲ್ಲಿ ಕೈಗುಣ ಅನ್ನುವುದು ಹೊಗಳಿಕೆಯಲ್ಲ. ಒಬ್ಬರ ಕೈಯಲ್ಲಿ ಮಾತ್ರ ಬರುವ ಮದ್ದು ಮದ್ದೇ ಅಲ್ಲ. ಮುಖ್ಯಸ್ಥರು ದೊಡ್ಡವಳನ್ನು ಕರೆದರು.

"ಇದನ್ನ ನೀವು ಮೊದಲಿಂದ ಮಾಡಿ ನೋಡಿ. ನಿಮ್ಮ ಕೈಲೂ ಬಂದ್ರೆ ಇಲಿಗಳಿಗೆ ಇದನ್ನ ಕೊಡೋಣ. ಬರದಿದ್ರೆ ನೀವು ಮಾಡಿರೋ ಮದ್ದನ್ನ. ಎರಡಕ್ಕೂ ದುಡ್ಡಿಲ್ಲ."

"ನನ್ನದಕ್ಕೆ ನಾನೇ ಕಲ್ಲು ಹಾಕ್ಲಾ ಸಾರ್?"

"ನಿಮ್ಮಷ್ಟು ನೀಟಾಗಿ ಹಾಕೋರು ಇನ್ಯಾರಿದ್ದಾರೆ?"

ಮಕ್ಕಳನ್ನು ಮಲಗಿಸಿ, ತೂಕಡಿಸುತ್ತ ವರ್ಷಗಟ್ಟಲೆ ತಿದ್ದಿದ್ದ ಅಣು ಅವಳದು. ಅದು ಆಗಲೇ ಮೂಲೆ ಸೇರಿದಂತೆ ಅನಿಸಿತು.

ಪುಡಿಯ ಕೊನೆಯ ಹಂತದಲ್ಲಿ ಫ್ಲಾಸ್ಕು ಐಸಿನಲ್ಲೇ ಇರಬೇಕು. ಬೆಚ್ಚಗಾದರೆ ಎಲ್ಲ ಅಂಟಂಟಾಗಿ ಕೆಡುತ್ತದೆ. ಚಿಕ್ಕವಳು ಬಂದು ಇಣುಕಿದಳು.

"ಅಕ್ಕಾ, ಐಸು ಕರಗ್ತಾ ಇದೆ."

"ನಂಗೂ ಕಣ್ಣಿದೆ ಕಣೆ. ಅತ್ತೆ ಹತ್ರ ಹೊಗಳಿಸ್ಕೊಂಡಿದ್ದು ಸಾಲ್ದು ಅಂತ ಇಲ್ಲಿ ಪಾಠ ಹೇಳೋಕೆ ಬಂದ್ಯಾ?"

"ಹೊಗಳಿ, ಆಮೇಲೆ ಪಾತ್ರೆ ತೊಳೆಸಿದ್ರು ಅಕ್ಕಾ."

ಚಿಕ್ಕವಳು ಹೋದ ಮೇಲೆ ಪಕ್ಕದ ಮೇಜಿನವರು ಟೀಗೆ ಕರೆದರು. ದೊಡ್ಡವಳು ಎದ್ದಳು. ಒಂದು ಲೋಟ ಟೀ ಕುಡಿದು ಬಂದರೆ ಸಾಕು, ಅಷ್ಟರಲ್ಲಿ ಐಸು ನೀರಾಗಿರುತ್ತಿತ್ತು. ಪುಡಿ ಯಾಕೆ ಕೆಟ್ಟಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಬಾಗಿಲವರೆಗೂ ಹೋದಳು. ಮನೆಯಲ್ಲಿ ಏಳಬಹುದಾದ ಮಾತು ಆಗ ಕಿವಿಗೆ ಬಿದ್ದಂತಾಯಿತು: ಚಿಕ್ಕವಳಿಗೆ ಬಂದದ್ದು ದೊಡ್ಡವಳಿಗೆ ಬರಲಿಲ್ಲವಂತೆ.

ದಡದಡನೆ ತಿರುಗಿ ಬಂದು, ಫ್ಲಾಸ್ಕಿನ ಸುತ್ತ ಹೊಸ ಐಸು ಸುರಿದಳು. ಟೀ ಬೇಡವೆಂದಳು.

ಅವಳ ಪುಡಿ ಚಿಕ್ಕವಳದಕ್ಕಿಂತ ಬೆಳ್ಳಗೆ ಬಂತು. ಪರೀಕ್ಷೆಯಲ್ಲಿ ಒಂದು ರೋಗಾಣುವೂ ಉಳಿಯಲಿಲ್ಲ. ಇಲಿಗಳಿಗೆ ಯಾವುದು ಹೋಗಬೇಕೆಂದು ಮುಖ್ಯಸ್ಥರು ಬಾಯಿಬಿಟ್ಟು ಹೇಳುವ ಅಗತ್ಯವೂ ಬೀಳಲಿಲ್ಲ.

ಚಿಕ್ಕವಳು ಕಣ್ಣು ತುಂಬಿಕೊಂಡು ಬಂದಳು. "ಅಕ್ಕಾ, ನಿಮ್ಮಿಂದಾನೇ ಇದು ಉಳೀತು."

"ಅದೇ ನಂಗೆ ತಡೆಯೋಕೆ ಆಗ್ತಿಲ್ಲ," ಅಂದಳು ದೊಡ್ಡವಳು, ಕೈಗವಸು ಕಳಚುತ್ತ. "ಸ್ವಲ್ಪ ದೂರ ನಿಲ್ಲು. ಒಂದೆರಡು ದಿನ ಅಕ್ಕಾ ಅಂತ ಕರೀಬೇಡ."