ಕಿವಿಯ ಹತ್ತಿರ ಚೆಂಡು

ಆ ಬೆನ್ನು ನನ್ನದೇ, ಹೌದು, ನೀಲಿ ಅಂಗಿ, ಓಡುವಾಗ ಎಡಭುಜ ಚೂರು ತಗ್ಗುತ್ತದಲ್ಲ, ನಾನೇ ಅದು — ಅಯ್ಯೋ, ಹೋಯಿತು, ಪರದೆ ತುಂಬ ಮತ್ತೆ ನಾಯಕಿಯ ಮುಖ, ಎಷ್ಟು ಚೆಂದ ಬೆವರುತ್ತಾಳಪ್ಪ ಇವಳು, ನೆಟ್ಟಗೆ ಒಂದು ಚೆಂಡು ಎಸೆಯಲು ಬಾರದವಳು, ಮುಖ ಅವಳದು, ಬೌಲಿಂಗ್ ಮಾಡುವ ಕೈ ನನ್ನದು, ಇದನ್ನು ಅವ್ವನಿಗೆ ಎಷ್ಟು ಬಿಡಿಸಿ ಹೇಳಿದ್ದೆ, ಕೇಳಿಸಿಕೊಂಡಳೇ, ಎಣ್ಣೆಮಿಲ್ಲಿನಲ್ಲಿ ತನ್ನ ಜೊತೆ ಶೇಂಗಾ ಹಸನು ಮಾಡುವ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು ಚಳ್ಳಕೆರೆ ಟಾಕೀಸಿನ ಒಂದು ಸಾಲನ್ನೇ ತುಂಬಿಸಿದ್ದಾಳೆ, ಮೇಸ್ತ್ರಿ ಕಾಮಣ್ಣನನ್ನೂ ಬಿಟ್ಟಿಲ್ಲ, ನಮ್ ನಿರ್ಮಲಾ ಸಿನಿಮಾದಾಗೆ ಐದಾಳೆ ಬರ್ರಿ, ನೋಡೀರಂತೆ. ಇಂಟರ್‌ವಲ್ ಮುಗಿದು ಎಷ್ಟೋ ಹೊತ್ತಾಯಿತು, ನಾನಿನ್ನೂ ಯಾರಿಗೂ ಕಂಡಿಲ್ಲ. ಏನ್ ಕೆಂಚಕ್ಕ, ನಿನ್ ಮಗಳು ಪರದೆ ಹಿಂದೆ ಕುಂತವ್ಳೇನು, ಅಂತ ಹಿಂದಿನ ಸಾಲಿನಿಂದ ಕಾಮಣ್ಣ, ಹೆಂಗಸರು ಕಿಸಕ್ಕನೆ ನಗುತ್ತಾರೆ, ಸುಮ್ಕಿರಣ್ಣ ಬರ್ತಾಳೆ, ಅನ್ನುತ್ತಾಳೆ ಅವ್ವ, ಆದರೆ ದನಿಯಲ್ಲಿ ಮೊದಲಿನ ಜೋರಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಾಳೆ, ನಾಳೆ ಮಿಲ್ಲಿನಲ್ಲಿ ಇವಳನ್ನು ಹುರಿದು ಮುಕ್ಕುತ್ತಾರೆ, ನಾನಾದರೋ ಬೆಳಗಿನ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗಿ ನನ್ನ ಪಿ.ಟಿ. ಪೀರಿಯಡ್ಡಿನಲ್ಲಿ ಸೀಟಿ ಊದಿಕೊಂಡಿರುತ್ತೇನೆ.

ಒಂದೇ ಒಂದು ಗುರುತು ಇತ್ತು, ಅದನ್ನೂ ಶೂಟಿಂಗಿನಲ್ಲಿ ತೆಗೆಸಿದರಲ್ಲ, ಓಟ ಶುರು ಮಾಡುವ ಮೊದಲು ನನ್ನ ಕೈ ತಾನೇ ಮೇಲೆದ್ದು ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ, ಮೇಡಂ, ಚೆಂಡಿನೊಳಗೆ ಏನಿದೆ ಅಂತ ಕೇಳ್ತೀರಿ, ಡೈರೆಕ್ಟರ್ ತಲೆ ಚಚ್ಚಿಕೊಂಡರು, ಕಟ್, ಮತ್ತೆ ಎಸೆದೆ, ಮತ್ತೆ ಕೈ ಕಿವಿಗೆ, ಕಟ್, ಏನು ಮಾಡಲಿ, ಮಿಲ್ಲಿನ ಅಂಗಳದಲ್ಲಿ ಅವ್ವನ ಮಗ್ಗುಲಲ್ಲಿ ಕೂತು ಬೆಳೆದವಳು ನಾನು, ಒಂದು ಶೇಂಗಾಕಾಯಿ ತೆಗೆದು ನನ್ನ ಕಿವಿಗೆ ಹಿಡಿಯುತ್ತಿದ್ದಳು, ಕೇಳು, ಗಲಗಲ ಅಂತೈತಾ, ಒಣಗೈತೆ, ಮೂಟೆಗೆ ಹಾಕು, ಸುಮ್ಕೈತಾ, ಇನ್ನೂ ಹಸಿ, ಬಿಸಿಲಿಗೆ ಹಾಕು, ಅದೇ ಕೈ ಇದು. ಈಗ ಶಾಲೆಯ ನನ್ನ ಹುಡುಗಿಯರೂ ಚೆಂಡು ಅಲ್ಲಾಡಿಸುತ್ತಾರೆ, ಹಂಗೆ ಮಾಡಿದ್ರೆ ವಿಕೆಟ್ ಬೀಳ್ತೈತಂತೆ ಮಿಸ್, ಹುಚ್ಚು ಮುಂಡೇವು.

ಕೊನೆಯ ಓವರ್, ಬಂತು, ಲೀಗಿನಲ್ಲೇ ಮನೆಗೆ ಹೋಗುತ್ತಾರೆ ಅಂತ ಎಲ್ಲರೂ ಆಡಿಕೊಂಡ ತಂಡ ಫೈನಲಿನಲ್ಲಿ ನಿಂತಿದೆ, ಒಂದು ಚೆಂಡು ಬಾಕಿ, ಎದುರಾಳಿಗೆ ಬೇಕಾದದ್ದು ಎರಡು ರನ್, ಗೆಲ್ಲುತ್ತಾರೆಂದು ನನಗೆ ಗೊತ್ತು, ಆ ಚೆಂಡು ಹಾಕಿದವಳೇ ನಾನು, ಆದರೂ ಕುರ್ಚಿಯ ಅಂಚಿಗೆ ಜರುಗಿ ಕೂತಿದ್ದೇನೆ, ನಮ್ಮ ಹಿಂದೆ ಟಾಕೀಸಿಗೆ ಟಾಕೀಸೇ ಎದ್ದು ನಿಂತಿದೆ, ಹಾಕವ್ವಾ, ಹಾಕು, ಕಾಮಣ್ಣ ಕುರ್ಚಿ ಗುದ್ದುತ್ತಿದ್ದಾನೆ, ಅವ್ವನ ಕೈ ನನ್ನ ಮೊಣಕಾಲನ್ನು ಹಿಡಿದಿದೆ, ನಾಯಕನಹಟ್ಟಿ ತಿಪ್ಪೇಸ್ವಾಮಿ, ಕಾಯಪ್ಪ, ಅನ್ನುತ್ತಿದ್ದಾಳೆ, ಪಂದ್ಯಕ್ಕೋ ನನಗೋ. ನಾಯಕಿಯ ಮುಖ ಸರಿಯಿತು, ಸದ್ದು ನಿಂತಿತು, ಪರದೆ ತುಂಬ ಒಂದು ಕೈ, ಕೆಂಪು ಮಣ್ಣು ಮೆತ್ತಿದ ಬೆರಳು, ಚೆಂಡಿನ ಹೊಲಿಗೆ, ಅದು ಮೇಲೆದ್ದಿತು, ಕಿವಿಯ ಹತ್ತಿರ ಹೋಯಿತು, ಅಲ್ಲಾಡಿತು — ಇಟ್ಟಿದ್ದಾರೆ! ನಾನು ತಪ್ಪಿ ಮಾಡಿದ್ದನ್ನು ಇಟ್ಟಿದ್ದಾರೆ! ಅಯ್ ನೋಡ್ರೇ, ಕಾಯಿ ಅಲ್ಲಾಡಿಸ್ತಾಳೆ, ಅಂತ ಒಬ್ಬಳು ಕಿರುಚಿದಳು, ಲೇ, ನಮ್ ಮಿಲ್ಲಿನ ಕೈ ಕಣ್ರಲೇ ಅದು, ಕೆಂಚಕ್ಕನ ಮಗಳದು, ಅಂತ ಕಾಮಣ್ಣ, ಸಿಳ್ಳೆಯೋ ಸಿಳ್ಳೆ, ಚೆಂಡು ಹೊರಟಿತು, ತಿರುಗಿತು, ಸ್ಟಂಪು ಹಾರಿತು, ಗೆದ್ದೆವು, ಕಾಗದದ ಚೂರು, ಕೇಕೆ, ಕಾಮಣ್ಣ ನನ್ನ ಬೆನ್ನಿಗೆ ಗುದ್ದುತ್ತಿದ್ದಾನೆ, ಅವ್ವ, ಅಲ್ಲಿ ನೋಡೇ, ಗೆದ್ದೆವು ಕಣೇ, ಕಪ್ಪು ಎತ್ತುತ್ತಿದ್ದಾರೆ ನೋಡು — ಅವ್ವ ಕಪ್ಪು ನೋಡುತ್ತಿಲ್ಲ, ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ನನ್ನ ಮೊಣಕಾಲು ಬಿಟ್ಟ ಕೈ ಮೇಲೆದ್ದಿದೆ, ಅವಳ ಕಿವಿಯ ಹತ್ತಿರ, ಮುಷ್ಟಿಯಲ್ಲಿ ಏನೂ ಇಲ್ಲ, ಅಲ್ಲಾಡಿಸುತ್ತಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ, ಕಿವಿಯ ಹತ್ತಿರ ಆ ಕೈ —